ಊರಿನ ರೇಡಿಯೊದಲ್ಲಿ ಊರಿನವರ ಮಾತು: ಸಂದರ್ಶಕರಿಗೊಂದು ಕೈಪಿಡಿ

ಊರಿನ ಜನರಿಗಾಗಿ, ಅವರ ಪಾಲ್ಗೊಳ್ಳುವಿಕೆಯಿಂದಲೇ ನಡೆಯುವ ಸಮುದಾಯ ರೇಡಿಯೊ ಕೇಂದ್ರವೊಂದರ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್. ಆಂಟೆನಾದ ಎತ್ತರ, ನಡುವೆ ಅಡ್ಡ ಬರುವ ಗುಡ್ಡ, ಕಟ್ಟಡಗಳಿಗೆ ತಕ್ಕಂತೆ ಅದರ ದನಿ ಸುತ್ತಲಿನ 10ರಿಂದ 15 ಕಿಲೋಮೀಟರ್ ತಲುಪುತ್ತದೆ. ಇದನ್ನು ಕೊರತೆಯೆಂದು ಭಾವಿಸುವವರಿದ್ದಾರೆ. ನನಗೆ ಇದೇ ಈ ಮಾಧ್ಯಮದ ದೊಡ್ಡ ಬಲವಾಗಿ ಕಾಣುತ್ತದೆ. ಸೂಲಗಿತ್ತಿಯೊಬ್ಬರು ಮಾತನಾಡುತ್ತಿದ್ದರೆ ಕೇಳುತ್ತಿರುವವರಲ್ಲಿ ಅವರ ಕೈಯಲ್ಲೇ ಹುಟ್ಟಿದವರಿರುತ್ತಾರೆ. ಕಥೆಗಾರರೊಬ್ಬರು ತಮ್ಮ ಕಥೆಯ ಸಂತೆಯನ್ನು ವಿವರಿಸಿದರೆ ಅದೇ ಸಂತೆಯಲ್ಲಿ ತರಕಾರಿ ಮಾರುವವರು ಕೇಳಿಸಿಕೊಂಡು, ಅದು ಹಾಗಲ್ಲ ಹೀಗೆ ಎಂದು ಕೇಂದ್ರಕ್ಕೆ ಫೋನ್ ಮಾಡುತ್ತಾರೆ. ದೊಡ್ಡ ವಾಹಿನಿಯ ಸಂದರ್ಶಕರಿಗೆ ಈ ಭಾಗ್ಯವಿಲ್ಲ. ಈ ಹೊಣೆಯೂ ಇಲ್ಲ.

ನಮ್ಮ ನಾಡಿಗೆ ಊರಿನ ರೇಡಿಯೊ ಹೊಸದೂ ಅಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದರು. ಪ್ರಸಾರ ಸಾಗುವ ರೇಡಿಯೊ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಆದರೂ ಸಂಘ ಸಂಸ್ಥೆಗಳಿಗೆ ಸ್ವಂತ ಕೇಂದ್ರ ನಡೆಸುವ ಅವಕಾಶ ಸಿಕ್ಕಿದ್ದು ಕೇಂದ್ರ ಸರ್ಕಾರದ 2006ರ ಸಮುದಾಯ ರೇಡಿಯೊ ಮಾರ್ಗಸೂಚಿಯ ನಂತರವೇ. ಅದಕ್ಕೂ ಮೊದಲು ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ತಂಡ ಪರವಾನಗಿಗೆ ಕಾಯದೆ, ತಾವು ತಯಾರಿಸಿದ ಕಾರ್ಯಕ್ರಮಗಳನ್ನು ಟಿವಿ ಕೇಬಲ್ಲಿನ ಮೂಲಕ ಮನೆಮನೆಗೆ ಮುಟ್ಟಿಸಿತ್ತು. ಅದರ ಹಿಂದೆ ಹಳ್ಳಿಯ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ದುಡಿಮೆಯಿತ್ತು. ಇಂದು ಬೆಂಗಳೂರಿನ ರೇಡಿಯೊ ಆಕ್ಟಿವ್, ಮಂಗಳೂರಿನ ರೇಡಿಯೊ ಸಾರಂಗ್, ಸರಗೂರಿನ ಜನಧ್ವನಿ, ಮಣಿಪಾಲದ ರೇಡಿಯೊ ಮಣಿಪಾಲ್ ಹೀಗೆ ಹಲವು ಕೇಂದ್ರಗಳಿವೆ. ಅವುಗಳಲ್ಲಿ ಕೆಲಸ ಮಾಡುವ ಸ್ವಯಂಸೇವಕರು, ಕಾಲೇಜು ವಿದ್ಯಾರ್ಥಿಗಳು, ಆಕಾಶವಾಣಿಯ ಜಿಲ್ಲಾ ಕೇಂದ್ರಗಳಿಗೆ ಕಾರ್ಯಕ್ರಮ ಮಾಡಿಕೊಡುವವರು, ಇವರೆಲ್ಲರಿಗಾಗಿ ಈ ಬರಹ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಕಾದಂಬರಿಕಾರರನ್ನು ಯಾವ ಗೌರವದಿಂದ, ಯಾವ ಸಿದ್ಧತೆಯಿಂದ ಮಾತನಾಡಿಸುತ್ತೇವೆಯೋ ಅದೇ ಗೌರವದಿಂದ, ಅದೇ ಸಿದ್ಧತೆಯಿಂದ ಪೌರಕಾರ್ಮಿಕರನ್ನೂ ಮಾತನಾಡಿಸಬೇಕು. ಇಬ್ಬರನ್ನೂ ಅವರ ಕೆಲಸದ ಮೂಲಕವೇ ವಿಚಾರಿಸಬೇಕು.

ಯಾರನ್ನು ಕರೆಯುವುದು

ಪ್ರಶಸ್ತಿ ಬಂದವರ ಮನೆಗೆ ಮಾತ್ರ ಮೈಕ್ ಹಿಡಿದು ಹೋಗುವ ಅಭ್ಯಾಸ ಬಿಡಬೇಕು. ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ, ಇಳಿವಯಸ್ಸಿನಲ್ಲಿ. ಹಾಲಕ್ಕಿ ಒಕ್ಕಲಿಗರ ಹಾಡುಗಳು ಅದಕ್ಕೂ ದಶಕಗಳ ಮೊದಲೇ ಅವರ ನಾಲಿಗೆಯ ಮೇಲಿದ್ದವು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಯಾವ ಪ್ರಶಸ್ತಿಯ ಪಟ್ಟಿಗೂ ಸೇರದ ಇಂಥವರು ನಿಮ್ಮ ಹೋಬಳಿಯಲ್ಲಿ ಇದ್ದೇ ಇದ್ದಾರೆ. ಅವರಿಗೆ ಎಂಬತ್ತು ತುಂಬಿದ್ದರೆ ಈ ವಾರವೇ ಹೋಗಿ.

ಹುಡುಕಲು ಒಳ್ಳೆಯ ದಾರಿಯೆಂದರೆ ಊರನ್ನು ದಿನವೂ ಸುತ್ತುವವರನ್ನು ಕೇಳುವುದು: ಅಂಚೆಯಣ್ಣ, ಆಶಾ ಕಾರ್ಯಕರ್ತೆ, ಹಾಲಿನ ಡೇರಿಯ ಕಾರ್ಯದರ್ಶಿ, ನ್ಯಾಯಬೆಲೆ ಅಂಗಡಿಯವರು. "ಇಲ್ಲಿ ಸಾಧಕರು ಯಾರಿದ್ದಾರೆ?" ಎಂದು ಕೇಳಿದರೆ ನಿವೃತ್ತ ಮುಖ್ಯೋಪಾಧ್ಯಾಯರ ಹೆಸರು, ಸಂಘದ ಅಧ್ಯಕ್ಷರ ಹೆಸರು ಬರುತ್ತದೆ. "ಹಸು ಕರು ಹಾಕಲು ಕಷ್ಟಪಟ್ಟರೆ ರಾತ್ರಿ ಯಾರನ್ನು ಎಬ್ಬಿಸುತ್ತೀರಿ? ಮೊಹರಂ ಪದ ಯಾರಿಗೆ ಪೂರ್ತಿ ಬರುತ್ತದೆ? ಪದ್ಯ ಬರೆದು ಯಾರಿಗೂ ತೋರಿಸದೆ ಇಟ್ಟುಕೊಂಡವರು ಯಾರು?" ಎಂದು ಕೇಳಿದರೆ ಬೇರೆಯೇ ಹೆಸರುಗಳು ಬರುತ್ತವೆ.

ಯಾರ ಸಂದರ್ಶನವಾಯಿತು, ಯಾವ ಊರು, ಯಾವ ಕೇರಿ, ಗಂಡೋ ಹೆಣ್ಣೋ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮೂರು ತಿಂಗಳಿಗೊಮ್ಮೆ ಅದನ್ನು ತೆರೆದು ನೋಡಿ. ಎಲ್ಲರೂ ಪೇಟೆ ಬೀದಿಯ ಗಂಡಸರೇ ಆಗಿದ್ದರೆ ನಿಮ್ಮದು ಊರಿನ ರೇಡಿಯೊ ಆಗಿಲ್ಲ, ಪೇಟೆ ಬೀದಿಯ ರೇಡಿಯೊ ಆಗಿದೆ. ಸಮುದಾಯ ರೇಡಿಯೊ ಮಾರ್ಗಸೂಚಿ ಕನಿಷ್ಠ ಅರ್ಧದಷ್ಟು ಕಾರ್ಯಕ್ರಮವಾದರೂ ಸ್ಥಳೀಯ ಸಮುದಾಯದ ಪಾಲ್ಗೊಳ್ಳುವಿಕೆಯಿಂದಲೇ ಆಗಬೇಕು ಎನ್ನುತ್ತದೆ. ಆ ಸಮುದಾಯದಲ್ಲಿ ಊರ ಹೊರಗಿನ ಕೇರಿಯೂ ಸೇರಿದೆ.

ಮೊದಲ ಭೇಟಿ, ಮೈಕ್ ಇಲ್ಲದೆ

ರೆಕಾರ್ಡಿಂಗಿಗೆ ಕೆಲವು ದಿನ ಮೊದಲು ಒಮ್ಮೆ ಬರಿಗೈಯಲ್ಲಿ ಹೋಗಿ ಬನ್ನಿ. ಮನೆಯವರಿಗೆ ನಿಮ್ಮ ಪರಿಚಯವಾಗಲಿ. ಕಾರ್ಯಕ್ರಮ ಎಷ್ಟು ಹೊತ್ತಿನದು, ಯಾವಾಗ ಪ್ರಸಾರವಾಗುತ್ತದೆ, ಯಾವ ತರಂಗಾಂತರದಲ್ಲಿ ಕೇಳಬಹುದು ಎಂಬುದನ್ನು ತಿಳಿಸಿ. ಮೊಬೈಲಿನಲ್ಲಿ ಎಫ್‌ಎಂ ಹಾಕುವುದು ಹೇಗೆಂದು ತೋರಿಸಿಕೊಟ್ಟರೆ ಇನ್ನೂ ಒಳ್ಳೆಯದು.

ಈ ಭೇಟಿಯಲ್ಲಿ ಒಂದು ಅಪಾಯವಿದೆ. ಅತಿಥಿಗಳು ಉತ್ಸಾಹದಿಂದ ತಮ್ಮ ಬದುಕಿನ ಅತ್ಯುತ್ತಮ ಕಥೆಯನ್ನು ಅಂದೇ ಪೂರ್ತಿ ಹೇಳಿಬಿಡುತ್ತಾರೆ. ಆಮೇಲೆ ಮೈಕಿನ ಮುಂದೆ ಅದನ್ನೇ ಕೇಳಿದರೆ "ಆವತ್ತೇ ಹೇಳಿದೆನಲ್ಲ" ಎಂದು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಆದ್ದರಿಂದ ಕಥೆ ಶುರುವಾಗುವ ಸೂಚನೆ ಕಂಡೊಡನೆ, "ಇದು ಬಹಳ ಚೆನ್ನಾಗಿದೆ, ಎಲ್ಲರೂ ಕೇಳಬೇಕು, ಸೋಮವಾರ ಇಲ್ಲಿಂದಲೇ ಆರಂಭಿಸೋಣ" ಎಂದು ವಿನಯದಿಂದ ತಡೆಯಿರಿ. ನೀವು ತಿಳಿದುಕೊಳ್ಳಬೇಕಾದದ್ದು ವಿಷಯದ ಅಂಚುಗಳನ್ನು ಮಾತ್ರ: ಯಾವ ವರ್ಷ, ಯಾವ ಊರು, ಯಾರ ಜೊತೆ, ಯಾವ ಮಾತು ಎತ್ತಬಾರದು.

ಕೊನೆಯದು ಮುಖ್ಯ. "ಯಾವುದಾದರೂ ವಿಷಯ ಕೇಳಬಾರದೆಂದಿದೆಯೇ?" ಎಂದು ನೇರವಾಗಿ ವಿಚಾರಿಸಿ. ತೀರಿಹೋದ ಮಗನ ವಿಷಯ, ಪಾಲುಪತ್ತಿನ ಜಗಳ, ಕೋರ್ಟಿನಲ್ಲಿರುವ ಜಮೀನು ಇಂಥವು ಇರುತ್ತವೆ. ನಾಳೆ ಅದೇ ಬಸ್ಸಿನಲ್ಲಿ ಅದೇ ಜನರ ನಡುವೆ ಓಡಾಡಬೇಕಾದವರು ಅವರು. ದೌರ್ಜನ್ಯಕ್ಕೆ ಒಳಗಾದವರ, ಅದರಲ್ಲೂ ಮಕ್ಕಳ ಗುರುತು ಹೊರಬೀಳುವಂಥ ಯಾವ ವಿವರವೂ ಪ್ರಸಾರವಾಗಬಾರದು. ಇದು ಕಾನೂನಿನ ಮಾತೂ ಹೌದು. ಸಣ್ಣ ಊರಿನಲ್ಲಿ ಹೆಸರು ಬದಲಿಸಿದರೆ ಸಾಲದು. ಬೀದಿ, ಶಾಲೆ, ತಂದೆಯ ಉದ್ಯೋಗ ಇಷ್ಟು ಗೊತ್ತಾದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ.

ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಓದು ಬರಹ ಬಾರದವರಾದರೆ ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಅವರ ಒಪ್ಪಿಗೆಯ ಮಾತನ್ನು ಧ್ವನಿಯಲ್ಲೇ ದಾಖಲಿಸಿಕೊಳ್ಳಿ. ರೇಡಿಯೊದಲ್ಲಿ ಪ್ರಸಾರ ಮಾಡಬಹುದೇ, ಅಂತರ್ಜಾಲದಲ್ಲಿ ಹಾಕಬಹುದೇ, ಇವು ಎರಡು ಬೇರೆ ಪ್ರಶ್ನೆಗಳು. ಸುತ್ತಲ ಹಳ್ಳಿಗಳಿಗೆ ಒಮ್ಮೆ ಕೇಳಿಸುವುದಕ್ಕೆ ಒಪ್ಪಿದವರು ಲೋಕಕ್ಕೆಲ್ಲ ಎಂದೆಂದಿಗೂ ಕೇಳಿಸುವುದಕ್ಕೆ ಒಪ್ಪದಿರಬಹುದು. ಹಾಡುಗಾರರಿಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಈ ಹಾಡನ್ನು ಯಾವ ಹೊತ್ತಿನಲ್ಲಾದರೂ ಹಾಡಬಹುದೇ? ಸಾವಿನ ಮನೆಯ ಹಾಡು, ದೇವರ ಕಾರ್ಯದ ಹಾಡುಗಳನ್ನು ಬೇರೆ ವೇಳೆಯಲ್ಲಿ ಹಾಡಲು ಅನೇಕರು ಒಪ್ಪುವುದಿಲ್ಲ. ಆಗ ಒತ್ತಾಯ ಮಾಡಬೇಡಿ.

ಲೇಖಕರಾದರೆ ಪುಸ್ತಕ ಓದಿ

ಇದಕ್ಕೆ ಬೇರೆ ದಾರಿಯೇ ಇಲ್ಲ. ಬೆನ್ನುಡಿ ಓದಿ, ಮುನ್ನುಡಿಯ ಮೇಲೆ ಕಣ್ಣಾಡಿಸಿ ಸಂದರ್ಶನಕ್ಕೆ ಕೂರುವುದು ಲೇಖಕರಿಗೂ ಕೇಳುಗರಿಗೂ ಮಾಡುವ ಅವಮಾನ. ನೂರೈವತ್ತು ಪುಟದ ಕಥಾಸಂಕಲನವನ್ನು ಎರಡು ಸಂಜೆಗಳಲ್ಲಿ ಓದಿ ಮುಗಿಸಬಹುದು. ಅಷ್ಟೂ ಬಿಡುವಿಲ್ಲದಿದ್ದರೆ ಓದಿರುವ ಗೆಳೆಯರಿಗೆ ಸಂದರ್ಶನ ಬಿಟ್ಟುಕೊಟ್ಟು ನೀವು ಯಂತ್ರ ನೋಡಿಕೊಳ್ಳಿ.

ಓದುವಾಗ ಪೆನ್ಸಿಲ್ ಹಿಡಿದು ಊರಿನ ಗುರುತುಗಳಿಗೆಲ್ಲ ಗೆರೆ ಹಾಕುತ್ತಾ ಹೋಗಿ. ಕೆರೆ, ಗಿರಣಿ, ಟೆಂಟ್ ಸಿನಿಮಾ, ಹಳೆಯ ಬಸ್ಸಿನ ಹೆಸರು, ಈಗ ಬಳಕೆಯಲ್ಲಿಲ್ಲದ ಒಂದು ಅಡುಗೆ. ಇವೇ ನಿಮ್ಮ ಪ್ರಶ್ನೆಗಳ ಬೇರು. "ನಿಮ್ಮ ಸಾಹಿತ್ಯಕ್ಕೆ ಸ್ಫೂರ್ತಿ ಯಾರು?" ಎಂಬ ಪ್ರಶ್ನೆಗೆ ಪ್ರತಿ ಲೇಖಕರ ಬಳಿಯೂ ಸಿದ್ಧ ಉತ್ತರವಿರುತ್ತದೆ: ಅಜ್ಜಿ ಹೇಳಿದ ಕಥೆಗಳು, ಕನ್ನಡ ಮೇಷ್ಟ್ರು, ಗ್ರಂಥಾಲಯ. ಅದರ ಬದಲು, "ಮೂರನೆಯ ಕಥೆಯಲ್ಲಿ ಗಿರಣಿಯವನು ಮುಯ್ಯಿಗೆ ಹಿಟ್ಟು ಬೀಸಿಕೊಡುತ್ತಾನೆ. ನೀವು ಅಂಥ ಗಿರಣಿ ಕಂಡದ್ದುಂಟೆ? ಆತನಿಗೆ ಈ ಕಥೆ ಗೊತ್ತೆ?" ಎಂದು ಕೇಳಿ. ಲೇಖಕರು ಒಂದು ಕ್ಷಣ ಯೋಚಿಸಿ ಮಾತನಾಡುತ್ತಾರೆ. ಆ ಯೋಚನೆ ಕೇಳುಗರಿಗೆ ಕೇಳಿಸುತ್ತದೆ.

ಲೇಖಕರ ಸಂದರ್ಶನದಲ್ಲಿ ಓದು ಇರಲೇಬೇಕು. ಮುದ್ರಿತ ಒಂದು ಪುಟ ಓದಲು ಸುಮಾರು ಎರಡರಿಂದ ಎರಡೂವರೆ ನಿಮಿಷ ಬೇಕು, ಅಷ್ಟು ಸಾಕು. ಭಾಗವನ್ನು ನೀವೇ ಆಯ್ದುಕೊಂಡು ಮೊದಲೇ ತಿಳಿಸಿ. ವರ್ಣನೆಗಿಂತ ಸಂಭಾಷಣೆ ಇರುವ ಭಾಗ ಕಿವಿಗೆ ಚೆನ್ನಾಗಿ ಹತ್ತುತ್ತದೆ. ಹಾಳೆ ಮಗುಚುವ ಸದ್ದು ಬಾರದಂತೆ ಆ ಪುಟಗಳನ್ನು ದೊಡ್ಡ ಅಕ್ಷರದಲ್ಲಿ ಬಿಡಿ ಹಾಳೆಗಳಲ್ಲಿ ಮುದ್ರಿಸಿ ಕೊಡಿ. ಕನ್ನಡಕ ತರಲು ನೆನಪಿಸಿ. ಓದನ್ನು ಕೊನೆಗೆ ಇಡುವ ರೂಢಿಯಿದೆ. ಆರಂಭದ ಐದು ನಿಮಿಷದೊಳಗೆ ಓದಿಸಿದರೆ ಮುಂದಿನ ಮಾತಿಗೆಲ್ಲ ಒಂದು ನೆಲ ಸಿಗುತ್ತದೆ, ಪುಸ್ತಕ ಓದಿರದ ಕೇಳುಗರೂ ಜೊತೆಗೆ ಬರುತ್ತಾರೆ ಎಂಬುದು ನನ್ನ ನಿಲುವು. ಕವಿಗಳಾದರೆ ಅದೇ ಪದ್ಯವನ್ನು ಕೊನೆಯಲ್ಲಿ ಇನ್ನೊಮ್ಮೆ ಓದಿಸಿ. ಅದರ ಹಿಂದಿನ ಮಾತು ಕೇಳಿದ ಮೇಲೆ ಪದ್ಯ ಬೇರೆಯಾಗಿ ಕೇಳಿಸುತ್ತದೆ.

ಪ್ರಕಾಶಕರ ಬಳಿ ಹಕ್ಕು ಇದ್ದರೆ ಅವರ ಅನುಮತಿಯನ್ನೂ ಪಡೆಯಿರಿ. ಕೊನೆಗೆ ಪುಸ್ತಕ ಎಲ್ಲಿ ಸಿಗುತ್ತದೆ ಎಂಬುದನ್ನು ಹೇಳಿ. ಊರಿನ ಗ್ರಂಥಾಲಯದಲ್ಲಿ ಪ್ರತಿ ಇದ್ದರೆ ಅದನ್ನು ತಪ್ಪದೆ ತಿಳಿಸಿ.

ಪ್ರಶ್ನೆ ಹೆಣೆಯುವುದು

ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಏಳೆಂಟು ಪ್ರಶ್ನೆ ಸಾಕು. ಇಪ್ಪತ್ತು ಬರೆದುಕೊಂಡು ಹೋದವರ ಗಮನ ಮುಂದಿನ ಪ್ರಶ್ನೆಯ ಮೇಲಿರುತ್ತದೆ, ಎದುರಿನ ಉತ್ತರದ ಮೇಲಲ್ಲ.

ಕೋಲಾರದ ಕಡೆಯ ಒಂದು ಕೆರೆಯ ನೀರುಗಂಟಿಯನ್ನು, ಅಂದರೆ ಗದ್ದೆಗಳಿಗೆ ಕೆರೆಯ ನೀರು ಬಿಡುವವರನ್ನು, ನೀವು ಮಾತನಾಡಿಸಬೇಕಾಗಿದೆ ಎಂದುಕೊಳ್ಳೋಣ. ಮನಸ್ಸಿಗೆ ಮೊದಲು ಬರುವ ಪ್ರಶ್ನೆಗಳು ಹೀಗಿರುತ್ತವೆ: ನೀರಿನ ಮಹತ್ವವೇನು? ಇಂದಿನ ಯುವಕರಿಗೆ ನಿಮ್ಮ ಸಂದೇಶವೇನು? ನಿಮ್ಮ ವೃತ್ತಿಯಲ್ಲಿ ಎದುರಾದ ಸವಾಲುಗಳೇನು? ಇವುಗಳಿಗೆ ಬರುವ ಉತ್ತರಗಳು ಶಾಲೆಯ ಪ್ರಬಂಧದಂತಿರುತ್ತವೆ. ತಪ್ಪು ಅವರದಲ್ಲ, ಪ್ರಬಂಧದ ಪ್ರಶ್ನೆ ಕೇಳಿದವರು ನಾವು.

ಕೆಲಸದೊಳಗೆ ಇಳಿದರೆ ಪ್ರಶ್ನೆ ಬೇರೆಯಾಗುತ್ತದೆ. "ತೂಬು ಎತ್ತಲು ಯಾವ ಹೊತ್ತಿಗೆ ಹೋಗುತ್ತಿದ್ದಿರಿ? ಕೆರೆಯಲ್ಲಿ ಅರ್ಧವೇ ನೀರಿದ್ದ ವರ್ಷ ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಮೊದಲು ಬಿಡುತ್ತಿದ್ದಿರಿ? ಕೊನೆಯ ಗದ್ದೆಯವರು ಜಗಳಕ್ಕೆ ಬಂದರೆ ಏನು ಹೇಳುತ್ತಿದ್ದಿರಿ? ರಾತ್ರಿ ಕದ್ದು ನೀರು ತಿರುಗಿಸಿಕೊಂಡವರನ್ನು ಹೇಗೆ ಗುರುತಿಸುತ್ತಿದ್ದಿರಿ? ಸುಗ್ಗಿಯಲ್ಲಿ ನಿಮಗೆ ಎಷ್ಟು ಭತ್ತ, ಎಷ್ಟು ರಾಗಿ ಕೊಡುತ್ತಿದ್ದರು? ಕೆರೆ ಕೊನೆಯ ಬಾರಿ ಕೋಡಿ ಬಿದ್ದದ್ದು ಯಾವಾಗ, ಅಂದು ನೀವೆಲ್ಲಿದ್ದಿರಿ?" ಇದರಲ್ಲಿ ನೀರಿನ ಮಹತ್ವವೂ ಇದೆ, ನ್ಯಾಯದ ಪ್ರಶ್ನೆಯೂ ಇದೆ, ಊರಿನ ಜಾತಿ ಜಮೀನಿನ ಲೆಕ್ಕವೂ ಇದೆ. ಯಾವುದನ್ನೂ ಹೆಸರಿಟ್ಟು ಕರೆದಿಲ್ಲ, ಅಷ್ಟೆ.

ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಮೂರನ್ನು ಒಟ್ಟಿಗೆ ಕೇಳಿದರೆ ಕೊನೆಯದಕ್ಕೆ ಮಾತ್ರ ಉತ್ತರ ಬರುತ್ತದೆ. ಪ್ರಶ್ನೆಯಲ್ಲೇ ಉತ್ತರವನ್ನು ಹೇಳಿಬಿಡುವುದು ಇನ್ನೊಂದು ದೊಡ್ಡ ದೋಷ: "ಆ ದಿನಗಳಲ್ಲಿ ನಿಮಗೆ ತುಂಬಾ ಕಷ್ಟವಾಗಿರಬೇಕು, ಆದರೂ ಛಲ ಬಿಡದೆ ದುಡಿದಿರಿ, ಅಲ್ಲವೇ?" ಇದಕ್ಕೆ "ಹೌದು" ಎನ್ನುವುದನ್ನು ಬಿಟ್ಟು ಅವರೇನು ಹೇಳಬೇಕು?

ಈಗಾಗಲೇ ಹೆಸರಾದವರನ್ನು ಮಾತನಾಡಿಸುವಾಗ ಹಿಂದಿನ ಸಂದರ್ಶನಗಳನ್ನೆಲ್ಲ ಕೇಳಿ, ಎಲ್ಲರೂ ಕೇಳಿರುವುದನ್ನು ಪಕ್ಕಕ್ಕಿಡಿ. ಕಿತ್ತಳೆ ಮಾರುತ್ತಲೇ ತಮ್ಮ ಊರಿಗೆ ಶಾಲೆ ತಂದ ಹರೇಕಳ ಹಾಜಬ್ಬ ಅವರ ಹೆಸರು ಬಂದರೆ ಸಾಕು, ಕಿತ್ತಳೆಯ ಬೆಲೆಯನ್ನು ವಿದೇಶಿಯರು ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರಿಸಲಾಗದೆ ಹೋದ ಪ್ರಸಂಗ ನಾಡಿಗೆಲ್ಲ ಗೊತ್ತು. ಅದನ್ನೇ ಮತ್ತೆ ಹೇಳಿಸುವುದರಿಂದ ಅವರಿಗೂ ದಣಿವು, ಕೇಳುಗರಿಗೂ ಹೊಸದಿಲ್ಲ. ಅಂಥವರಿಗೆ ಮುಂದಿನ ಪ್ರಶ್ನೆಗಳಿವೆ: ಶಾಲೆಗೆ ಅನುಮತಿ ಕೇಳಲು ಹೋದ ಮೊದಲ ಕಚೇರಿ ಯಾವುದು, ಅಲ್ಲಿ ಕಾದು ಕುಳಿತ ದಿನ ಹಣ್ಣಿನ ವ್ಯಾಪಾರ ಏನಾಯಿತು, ಮೊದಲ ವರ್ಷ ಕಲಿತ ಮಕ್ಕಳು ಈಗ ಎದುರಿಗೆ ಸಿಕ್ಕರೆ ಏನು ಮಾತನಾಡುತ್ತಾರೆ.

ಜಾಗ, ಯಂತ್ರ

ಇದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದು ಸಾಧಾರಣ ರೆಕಾರ್ಡರ್ ಅಥವಾ ಒಳ್ಳೆಯ ಮೊಬೈಲ್, ಅದಕ್ಕೊಂದು ಮೈಕ್, ಒಂದು ಹೆಡ್‌ಫೋನ್ ಇದ್ದರೆ ಕೆಲಸ ನಡೆಯುತ್ತದೆ. ಹೆಡ್‌ಫೋನ್ ಹಾಕದೆ ಎಂದೂ ರೆಕಾರ್ಡ್ ಮಾಡಬೇಡಿ. ನಮ್ಮ ಕಿವಿ ಎದುರಿನವರ ಮಾತನ್ನು ಮಾತ್ರ ಆರಿಸಿಕೊಳ್ಳುತ್ತದೆ, ಮೈಕ್ ಫ್ಯಾನಿನ ಸದ್ದು, ಪಕ್ಕದ ಮನೆಯ ಮಿಕ್ಸಿ, ಗೋಡೆಯ ಗಡಿಯಾರ ಎಲ್ಲವನ್ನೂ ಹಿಡಿಯುತ್ತದೆ. ಹೆಡ್‌ಫೋನಿನಲ್ಲಿ ಕೇಳಿದಾಗಲೇ ಅದು ಗೊತ್ತಾಗುವುದು.

ಮೈಕ್ ಬಾಯಿಯಿಂದ ಅರ್ಧ ಗೇಣಿನಿಂದ ಒಂದು ಗೇಣು ದೂರದಲ್ಲಿ, ನೇರ ಬಾಯಿಗೆ ಎದುರಾಗದೆ ತುಸು ಓರೆಯಾಗಿ ಇರಲಿ. ಹಾಗಿಟ್ಟರೆ ಪ, ಫ, ಭ ಅಕ್ಷರಗಳ ಉಸಿರು ಮೈಕಿಗೆ ಬಡಿಯುವುದಿಲ್ಲ. ಕಡತ ವೇವ್ ರೂಪದಲ್ಲಿ, 44.1 ಅಥವಾ 48 ಕಿಲೋಹರ್ಟ್ಸ್‌ನಲ್ಲಿ ಇರಲಿ. ಮಾತಿನ ಏರು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಆಡುತ್ತಿದ್ದರೆ ಸರಿಯಾಗಿದೆ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಅದನ್ನು ಆಮೇಲೆ ಸರಿಪಡಿಸಲಾಗದು. ಎಲ್ಲರ ಮೊಬೈಲ್‌ಗಳನ್ನೂ ಫ್ಲೈಟ್ ಮೋಡ್‌ಗೆ ಹಾಕಿಸಿ.

ವಯಸ್ಸಾದವರನ್ನು ಸ್ಟುಡಿಯೊಗೆ ಕರೆಸುವ ಬದಲು ಅವರ ಮನೆಗೇ ಹೋಗಿ. ಕರೆಸಿದರೆ ಬಸ್ ಖರ್ಚು ಕೊಡಿ. ಒಂದು ದಿನದ ಕೂಲಿ ಬಿಟ್ಟು ಬಂದವರಾದರೆ ಅದನ್ನೂ ಯೋಚಿಸಿ. ಮನೆಯಲ್ಲಿ ಹಾಸಿಗೆ, ಬಟ್ಟೆ, ದವಸದ ಮೂಟೆ ಇರುವ ಕೋಣೆ ಒಳ್ಳೆಯದು, ಅವು ಗುಂಯ್ಗುಡುವ ಸದ್ದನ್ನು ಹೀರಿಕೊಳ್ಳುತ್ತವೆ. ಬರಿಗೋಡೆಯ ಹೊಸ ಹಜಾರ ಬೇಡ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂರಬೇಡಿ. ಗಾಜಿನ ಬಳೆ, ಗಂಜಿ ಹಾಕಿದ ಸೀರೆ, ಕಿರುಗುಟ್ಟುವ ಕುರ್ಚಿ ಇವುಗಳನ್ನು ಮೊದಲೇ ಗಮನಿಸಿ. ಆದರೆ ಬಳೆ ತೆಗೆಯಿರಿ ಎಂದು ಹೆಂಗಸರಿಗೆ ಹೇಳಬಾರದು. ಕೈಯನ್ನು ಮಡಿಲಲ್ಲಿಟ್ಟುಕೊಳ್ಳಲು ಕೋರಿದರೆ ಸಾಕು.

ಮಾತು ಮುಗಿದ ಮೇಲೆ ಎಲ್ಲರೂ ಸುಮ್ಮನೆ ಕುಳಿತು ಒಂದು ನಿಮಿಷ ಆ ಕೋಣೆಯ ಮೌನವನ್ನೇ ದಾಖಲಿಸಿಕೊಳ್ಳಿ, ಸಂಕಲನದಲ್ಲಿ ಬೇಕಾಗುತ್ತದೆ. ಬಳಿಕ ಕೆಲಸದ ಸದ್ದುಗಳನ್ನು ಬೇರೆಯಾಗಿ ಹಿಡಿಯಿರಿ. ಇಳಕಲ್ಲಿನ ನೇಕಾರರಾದರೆ ಕೈಮಗ್ಗದ ಲಾಳಿ ಓಡುವ ಸದ್ದು, ಕುಂಬಾರರಾದರೆ ಮಡಕೆ ತಟ್ಟುವ ಸದ್ದು, ಲೇಖಕರಾದರೆ ಅವರು ಕುಳಿತು ಬರೆಯುವ ಜಗಲಿಯ ಸುತ್ತಲ ಸದ್ದು. ಕಣ್ಣಿಗೆ ಏನೂ ಕಾಣದ ಮಾಧ್ಯಮದಲ್ಲಿ ಊರು ಕಾಣುವುದು ಈ ಸದ್ದುಗಳಿಂದ.

ಮಾತು ನಡೆಯುವಾಗ

ಪರಿಚಯ ಮೂರು ವಾಕ್ಯ ಮೀರದಿರಲಿ. "ನಾಡಿನ ಹೆಸರಾಂತ, ಬಹುಮುಖ ಪ್ರತಿಭೆಯ" ಎಂದು ಶುರುವಾಗಿ ಪ್ರಶಸ್ತಿಗಳ ಪಟ್ಟಿಯಾಗಿ ಬೆಳೆಯುವ ಪರಿಚಯಕ್ಕೆ ಕೇಳುಗರು ಕಿವಿ ಕೊಡುವುದಿಲ್ಲ. "ನಮ್ಮ ಕೆರೆಯ ತೂಬಿನ ಕೀಲಿ ನಲವತ್ತು ವರ್ಷ ಇವರ ಸೊಂಟದಲ್ಲಿತ್ತು" ಎಂಬ ಒಂದು ಸಾಲು ಅದಕ್ಕಿಂತ ಹೆಚ್ಚು ಹೇಳುತ್ತದೆ.

ಸಂಬೋಧನೆಯ ವಿಷಯದಲ್ಲಿ ನನಗೆ ರಾಜಿ ಇಲ್ಲ. ಬ್ಯಾಂಕ್ ಅಧಿಕಾರಿಗೆ "ಸರ್, ತಾವು", ಬೀದಿ ಗುಡಿಸುವ ಹೆಣ್ಣುಮಗಳಿಗೆ ಬರಿ ಹೆಸರು ಮತ್ತು "ನೀನು" ಎಂಬುದನ್ನು ಈಗಲೂ ಕೇಳುತ್ತೇವೆ. ಮೈಕಿನ ಮುಂದೆ ಕುಳಿತ ಪ್ರತಿಯೊಬ್ಬರೂ "ನೀವು". ಅಜ್ಜಿ, ಅವ್ವ, ಅಕ್ಕ, ಅಣ್ಣ ಎಂದು ಆ ಸೀಮೆಯ ರೂಢಿಯಂತೆ ಕರೆಯಬಹುದು, ಕರೆಯಿಸಿಕೊಳ್ಳುವವರಿಗೆ ಅದು ಇಷ್ಟವಿದ್ದರೆ. ಅದನ್ನೂ ಮೊದಲೇ ಕೇಳಿಕೊಳ್ಳಿ.

ಅತಿಥಿಗಳ ಭಾಷೆಯನ್ನು ತಿದ್ದಬೇಡಿ. ಮನೆಮಾತು ತುಳುವೋ ಬ್ಯಾರಿಯೋ ಕೊಡವವೋ ಉರ್ದುವೋ ಆಗಿದ್ದರೆ ಅದರಲ್ಲೇ ಮಾತನಾಡಲಿ, ನೀವು ನಡುನಡುವೆ ಸಾರಾಂಶ ಹೇಳಿ. ಮೈಕ್ ಕಂಡೊಡನೆ ಪುಸ್ತಕದ ಕನ್ನಡಕ್ಕೆ ಜಾರುವವರಿಗೆ, ನೀವು ಅವರ ಆಡುಮಾತಿನಲ್ಲೇ ಒಂದೆರಡು ಪ್ರಶ್ನೆ ಕೇಳಿದರೆ ದನಿ ಸಡಿಲವಾಗುತ್ತದೆ.

ಕಥೆ ಕೇಳುವಾಗ ಹೂಂಗುಟ್ಟುವುದು ನಮ್ಮ ಪದ್ಧತಿ. ಹೂಂಗುಟ್ಟದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಆದರೆ ರೇಡಿಯೊದಲ್ಲಿ ಪ್ರತಿ ಸಾಲಿಗೂ ಬೀಳುವ ನಿಮ್ಮ "ಹೂಂ, ಹೂಂ" ಕಿರಿಕಿರಿ ಮಾಡುತ್ತದೆ, ಕತ್ತರಿಸಲೂ ಬಾರದಂತೆ ಮಾತಿನೊಳಗೆ ಸೇರಿಕೊಳ್ಳುತ್ತದೆ. "ನಾನು ಬಾಯಿಯಿಂದ ಹೂಂ ಎನ್ನುವುದಿಲ್ಲ, ತಲೆಯಾಡಿಸುತ್ತೇನೆ, ಕೇಳುತ್ತಲೇ ಇರುತ್ತೇನೆ" ಎಂದು ಮೊದಲೇ ಹೇಳಿಬಿಡಿ. ಕಣ್ಣಿಟ್ಟು ಕೇಳಿ. ಚೀಟಿ ನೋಡುತ್ತಾ ಕೂತರೆ ಅವರಿಗೆ ಹೇಳುವ ಮನಸ್ಸೇ ಬರುವುದಿಲ್ಲ.

ಉತ್ತರ ಮುಗಿಯಿತು ಎನಿಸಿದಾಗ ತಕ್ಷಣ ಮುಂದಿನ ಪ್ರಶ್ನೆಗೆ ಹಾರಬೇಡಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಸಿದ್ಧ ಉತ್ತರ ಮುಗಿದ ಮೇಲಿನ ಆ ಮೌನದಲ್ಲಿ ಅವರು ತಾವಾಗಿಯೇ "ಇನ್ನೊಂದು ವಿಷಯವಿದೆ" ಎನ್ನುತ್ತಾರೆ. ಇಡೀ ಕಾರ್ಯಕ್ರಮದ ಜೀವ ಎಷ್ಟೋ ಸಲ ಅಲ್ಲಿಂದ ಸಿಗುತ್ತದೆ. ಯಾರಾದರೂ ಅತ್ತರೆ ರೆಕಾರ್ಡರ್ ನಿಲ್ಲಿಸಿ, ನೀರು ಕೊಡಿ, ಮುಂದುವರಿಸಬೇಕೇ ಎಂದು ಅವರನ್ನೇ ಕೇಳಿ. ಕಣ್ಣೀರನ್ನು ಕಾರ್ಯಕ್ರಮದ ಆಕರ್ಷಣೆ ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಹೆಂಗಸರ ಸಂದರ್ಶನದಲ್ಲಿ ಗಂಡನೋ ಮಗನೋ ಪಕ್ಕದಲ್ಲಿ ಕುಳಿತು ಉತ್ತರ ಕೊಡುವುದು ಬಹಳ ಸಾಮಾನ್ಯ. ಅವರನ್ನು ಗದರಿಸಿ ಪ್ರಯೋಜನವಿಲ್ಲ. "ಹೊರಗೆ ಮಕ್ಕಳು ಗಲಾಟೆ ಮಾಡದಂತೆ ನೋಡಿಕೊಳ್ಳುತ್ತೀರಾ, ನಿಮ್ಮ ಮಾತನ್ನು ಆಮೇಲೆ ಬೇರೆಯಾಗಿ ದಾಖಲಿಸಿಕೊಳ್ಳುತ್ತೇವೆ" ಎಂದು ಒಂದು ಜವಾಬ್ದಾರಿ ಕೊಡಿ. ಹೇಳಿದಂತೆ ಆಮೇಲೆ ದಾಖಲಿಸಿಕೊಳ್ಳಿ ಕೂಡ.

ರೇಡಿಯೊ ಹಾಕುವವರು ನಡುವೆ ಹಾಕುತ್ತಾರೆ. ಐದಾರು ನಿಮಿಷಕ್ಕೊಮ್ಮೆ ಅತಿಥಿಗಳ ಹೆಸರು, ಊರು, ವಿಷಯ ನಿಮ್ಮ ಪ್ರಶ್ನೆಯೊಳಗೇ ಸಹಜವಾಗಿ ಬರಲಿ. ಅವರು "ಇಷ್ಟು ದೊಡ್ಡದು" ಎಂದು ಕೈಯಲ್ಲಿ ತೋರಿಸಿದರೆ "ಮೊಣಕೈಯವರೆಗೆ ತೋರಿಸುತ್ತಿದ್ದಾರೆ" ಎಂದು ನೀವು ಬಾಯಲ್ಲಿ ಹೇಳಿ.

ಅಧಿಕಾರದಲ್ಲಿರುವವರನ್ನು ಕೇಳುವಾಗ

ಪಂಚಾಯಿತಿ ಅಧ್ಯಕ್ಷರು, ಸಹಕಾರ ಸಂಘದ ಕಾರ್ಯದರ್ಶಿ, ಆಸ್ಪತ್ರೆಯ ವೈದ್ಯಾಧಿಕಾರಿ ಇವರೂ ಊರಿನವರೇ. ಇಲ್ಲಿ ಹೊಗಳಿಕೆಯೂ ಬೇಡ, ಜಗಳವೂ ಬೇಡ. ಸಮುದಾಯ ರೇಡಿಯೊಗೆ ಆಕಾಶವಾಣಿಯ ಸುದ್ದಿಯನ್ನು ಬದಲಿಸದೆ ಪ್ರಸಾರ ಮಾಡುವುದನ್ನು ಬಿಟ್ಟು ಸ್ವಂತ ಸುದ್ದಿ ಕಾರ್ಯಕ್ರಮ ಮಾಡುವ ಅವಕಾಶವಿಲ್ಲ ಎಂಬುದು ನೆನಪಿರಲಿ. ಆದರೆ ನೀರು, ವಿದ್ಯುತ್ತು, ಪರೀಕ್ಷೆ, ಹವಾಮಾನ, ನೆರೆ ಇಂಥ ಸ್ಥಳೀಯ ಮಾಹಿತಿಗೆ ತಡೆಯಿಲ್ಲ. "ಕುಡಿಯುವ ನೀರಿನ ಸಮಸ್ಯೆ ಬಗ್ಗೆ ಏನು ಹೇಳುತ್ತೀರಿ?" ಎಂದರೆ "ಕ್ರಮ ಕೈಗೊಳ್ಳಲಾಗಿದೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮೊದಲೇ ಆ ಬೀದಿಗೆ ಹೋಗಿ ನೋಡಿ ಬಂದು, "ಮೇಲಿನ ಬೀದಿಯ ನಲ್ಲಿಯಲ್ಲಿ ನೀರು ಬಂದು ಎಷ್ಟು ದಿನವಾಯಿತು, ಪಂಪು ರಿಪೇರಿಗೆ ಯಾರು ಬರಬೇಕು, ಯಾವ ದಿನ ಬರುತ್ತಾರೆ?" ಎಂದು ಕೇಳಿ. ಅವರು ಹೇಳಿದ ದಿನದ ಮರುದಿನ ಮತ್ತೆ ಫೋನ್ ಮಾಡಿ ವಿಚಾರಿಸಿ. ಚುನಾವಣೆ ಘೋಷಣೆಯಾದ ಮೇಲೆ ಅಭ್ಯರ್ಥಿಗಳನ್ನು ಇಂಥ ಕಾರ್ಯಕ್ರಮಗಳಿಗೆ ಕರೆಯಬೇಡಿ.

ಸಂಕಲನ

ಮೂಲ ಕಡತವನ್ನು ಮುಟ್ಟಬೇಡಿ. ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ. ಆಡಾಸಿಟಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕಲಿಯುವುದೂ ಸುಲಭ. ಮೊದಲು ಪೂರ್ತಿ ಕೇಳುತ್ತಾ ಯಾವ ನಿಮಿಷದಲ್ಲಿ ಯಾವ ಮಾತು ಬಂತು ಎಂಬುದನ್ನು ಹಾಳೆಯಲ್ಲಿ ಗುರುತು ಮಾಡಿ. ಮುಕ್ಕಾಲು ಗಂಟೆಯ ಮಾತಿನಿಂದ ಇಪ್ಪತ್ತೈದು ನಿಮಿಷ ತೆಗೆಯುವುದು ಹದವಾದ ಲೆಕ್ಕ. ಮೊದಲು ಕತ್ತರಿಸಬೇಕಾದದ್ದು ನಿಮ್ಮ ಸ್ವಂತ ಮಾತನ್ನು.

ಎರಡು ಬೇರೆ ಉತ್ತರಗಳನ್ನು ಜೋಡಿಸಿ ಅವರು ಹೇಳದ ಅರ್ಥ ಬರುವಂತೆ ಮಾಡಬಾರದು. ಉಸಿರನ್ನೂ ತಡವರಿಕೆಯನ್ನೂ ಪೂರ್ತಿ ತೆಗೆದರೆ ಮನುಷ್ಯರ ದನಿ ಯಂತ್ರದಂತಾಗುತ್ತದೆ. ಅರ್ಥಕ್ಕೆ ಅಡ್ಡಿಯಾಗುವಷ್ಟನ್ನು ಮಾತ್ರ ತೆಗೆಯಿರಿ. ಕತ್ತರಿಸಿದ ಸಂದಿಗೆ ಆ ಕೋಣೆಯ ಮೌನವನ್ನು ತುಂಬಿ. ಮಾತಿನ ಕೆಳಗೆ ಕೊಳಲು, ವೀಣೆ ಹರಿಸುವ ಅಭ್ಯಾಸ ದಯವಿಟ್ಟು ಬೇಡ, ವಯಸ್ಸಾದವರ ಕಿವಿಗೆ ಮಾತೇ ಕೇಳಿಸದೆ ಹೋಗುತ್ತದೆ. ಚಿತ್ರಗೀತೆಗಳನ್ನು ಬಳಸುವುದಾದರೆ ಹಕ್ಕುದಾರರ ಪರವಾನಗಿ ಬೇಕು. ಕೊನೆಗೆ ಸಾಮಾನ್ಯ ರೇಡಿಯೊದಲ್ಲೋ ಮೊಬೈಲಿನ ಸಣ್ಣ ಸ್ಪೀಕರಿನಲ್ಲೋ ಒಮ್ಮೆ ಕೇಳಿ. ಕಾರ್ಯಕ್ರಮ ತಲುಪುವುದು ಅಂಥ ಸ್ಪೀಕರುಗಳನ್ನೇ.

ಪ್ರಸಾರ ಮತ್ತು ಆಮೇಲೆ

ಡೇರಿಗೆ ಹಾಲು ಹಾಕಿ ಬರುವ ಹೊತ್ತು, ಬೀಡಿ ಕಟ್ಟುವ, ಹೂ ಕಟ್ಟುವ ಹೊತ್ತು, ರಾತ್ರಿ ಅಡುಗೆಯ ಹೊತ್ತು, ಹೀಗೆ ನಿಮ್ಮ ಊರಿನ ದಿನಚರಿ ನೋಡಿ ಸಮಯ ಇಡಿ. ಒಂದೇ ಕಾರ್ಯಕ್ರಮವನ್ನು ವಾರದಲ್ಲಿ ಎರಡು ಬೇರೆ ಹೊತ್ತಿನಲ್ಲಿ ಹಾಕಿ. ಹಿಂದಿನ ದಿನ ಅತಿಥಿಗಳಿಗೆ ಫೋನ್ ಮಾಡಿ ನೆನಪಿಸಿ, ಅವರು ನೆಂಟರಿಗೆಲ್ಲ ತಿಳಿಸುತ್ತಾರೆ.

ಪ್ರಸಾರವಾದ ಕಾರ್ಯಕ್ರಮವನ್ನು ಮೂರು ತಿಂಗಳು ಇಟ್ಟುಕೊಳ್ಳಬೇಕೆಂಬುದು ಮಾರ್ಗಸೂಚಿಯ ನಿಯಮ. ನಿಯಮಕ್ಕಷ್ಟು ಸಾಕು, ಊರಿಗೆ ಸಾಲದು. ಸಂಕಲಿಸದ ಮೂಲ ಕಡತವನ್ನೂ ಸೇರಿಸಿ ಎರಡು ಹಾರ್ಡ್ ಡಿಸ್ಕುಗಳಲ್ಲಿ, ಎರಡು ಬೇರೆ ಕಟ್ಟಡಗಳಲ್ಲಿ ಇಡಿ. ಕಡತದ ಹೆಸರಿನಲ್ಲಿ ದಿನಾಂಕ, ಊರು, ವ್ಯಕ್ತಿಯ ಹೆಸರು ಇರಲಿ. ಜೊತೆಗೆ ಮಾತಿನ ವಿಷಯ, ಭಾಷೆ, ಒಪ್ಪಿಗೆಯ ವಿವರವಿರುವ ಒಂದು ಹಾಳೆ. "ರೆಕಾರ್ಡಿಂಗ್ ಹೊಸತು 2" ಎಂಬ ಹೆಸರಿನ ಕಡತ ಹತ್ತು ವರ್ಷದ ಮೇಲೆ ಯಾರಿಗೂ ಸಿಗುವುದಿಲ್ಲ. ಒಂದು ಪ್ರತಿಯನ್ನು ಅತಿಥಿಗಳ ಮನೆಗೆ ಪೆನ್‌ಡ್ರೈವಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ತಲುಪಿಸಿ. ಇದನ್ನು ಮರೆಯುವ ಕೇಂದ್ರಗಳು ಎರಡನೆಯ ಸಲ ಆ ಮನೆಯ ಬಾಗಿಲು ತಟ್ಟಲಾರವು.

ಪ್ರಸಾರದ ದಿನ ಫೋನಿನ ಬಳಿ ಒಬ್ಬರು ಪುಸ್ತಕ ಹಿಡಿದು ಕೂರಲಿ. ಚೆನ್ನಾಗಿತ್ತು ಎಂದವರ ಹೆಸರು ಮಾತ್ರ ಬರೆದುಕೊಂಡರೆ ಸಾಲದು. "ಅವರು ಹೇಳಿದ ವರ್ಷ ತಪ್ಪು, ಆ ಬರ ಬಂದದ್ದು ಅದರ ಮುಂದಿನ ವರ್ಷ" ಎಂದವರನ್ನು, "ಆ ಹಾಡಿನ ಉಳಿದ ನುಡಿಗಳು ನಮ್ಮಮ್ಮನಿಗೆ ಬರುತ್ತವೆ" ಎಂದವರನ್ನು ಮರುದಿನವೇ ತಿರುಗಿ ಕರೆಯಿರಿ, ಅವರ ಮನೆಗೆ ಹೋಗುವ ದಿನ ಗೊತ್ತುಮಾಡಿಕೊಳ್ಳಿ. ಮೊದಲ ಅತಿಥಿಗಳು ಒಪ್ಪಿದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಇನ್ನೊಂದು ಕಾರ್ಯಕ್ರಮ ಮಾಡಿ. ಆಗ ನೀವು ಹೆಚ್ಚು ಪ್ರಶ್ನೆ ಕೇಳಬೇಕಾಗುವುದಿಲ್ಲ.